ಠಾರ್ ಅಂದ್ರೆ ಏನು ದಾದಿ?

"ಠಾರ್ ಅಂದ್ರೆ ಫ್ರಿಜ್ ಥರ ತಣ್ಣಗೆ ಮಾಡೋದಾ ದಾದಿ?"

ಎದುರು ಮನೆಯ 9 ವರ್ಷದ ಹುಡುಗಿ ತನ್ನ ದಾದಿಯನ್ನು, ಅಂದರೆ ಅಜ್ಜಿಯನ್ನು, ಹಿಂದಿಯಲ್ಲಿ ಕೇಳಿದ ಈ ಮಾತು ಮೂರು ದಿನದಿಂದ ನನ್ನ ಕಿವಿ ಬಿಟ್ಟು ಹೋಗುತ್ತಿಲ್ಲ. ಅವಳದೇನೂ ತಪ್ಪಿಲ್ಲ. ಗೊತ್ತಾಗಲಿಲ್ಲ, ಕೇಳಿದಳು. ಆದರೆ ಕೇಳಿದಾಗ ಅಜ್ಜಿಯ ಕೈ ನೀರಿನ ಬಟ್ಟಲಲ್ಲೇ ನಿಂತುಬಿಟ್ಟಿತು.

ಮುಂಬೈ ಹತ್ತಿರದ ಈ ಉಲ್ಹಾಸನಗರಕ್ಕೆ ಬಂದು ನಮಗೆ 11 ವರ್ಷ. ಎದುರು ಮನೆಯವರು ಸಿಂಧಿಗಳು. ಪ್ರತಿ ವರ್ಷ ಶ್ರಾವಣ ಬಹುಳ ಸಪ್ತಮಿಗೆ, ಅಂದರೆ ಕೃಷ್ಣಾಷ್ಟಮಿಯ ಹಿಂದಿನ ದಿನ, ಅವರಿಗೆ ಥದ್ರಿ ಹಬ್ಬ. ಸಿಂಧಿಯಲ್ಲಿ ಥಧೋ ಅಂದರೆ ತಣ್ಣನೆಯದು. ಅವತ್ತು ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಷಷ್ಠಿಯ ದಿನವೇ ಎಲ್ಲಾ ಮಾಡಿಟ್ಟು, ಸಪ್ತಮಿಗೆ ತಂಗಳು ಉಣ್ಣುತ್ತಾರೆ. ಶೀತಲಾ ಮಾತೆಯ ಹಬ್ಬ ಅದು. ಸಿಡುಬು, ದಡಾರ ಬಂದು ಮಕ್ಕಳು ಬಾಡಿಹೋಗುತ್ತಿದ್ದ ಕಾಲದಲ್ಲಿ ತಾಯಂದಿರು ಬೇಡಿಕೊಂಡ ಬೇಡಿಕೆ.

ಈ ಸಲ ಷಷ್ಠಿಯ ಸಂಜೆ ನಾನೂ ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಮಿಠೋ ಲೋಲೋ, ಅಂದರೆ ದಪ್ಪನೆಯ ಸಿಹಿ ರೊಟ್ಟಿ, ಮಾಡೋದನ್ನು ಕಲಿಯಬೇಕಿತ್ತು. ಬೆಲ್ಲದ ನೀರು ಆರಿಸಿ, ಗೋಧಿ ಹಿಟ್ಟಿಗೆ ಕೈತುಂಬಾ ತುಪ್ಪ, ಏಲಕ್ಕಿ ಹಾಕಿ ಗಟ್ಟಿಯಾಗಿ ಕಲಸಬೇಕು. ನಾನು ಇನ್ನೊಂದು ಚಮಚ ನೀರು ಹಾಕೋಕೆ ಹೋದೆ. ಆಂಟಿ, ಅಂದರೆ ಆ ಹುಡುಗಿಯ ಅಜ್ಜಿ, ನನ್ನ ಕೈ ಹಿಡಿದರು. "ಬೇಡ ಬೇಟಾ, ನೀರು ಜಾಸ್ತಿಯಾದ್ರೆ ನಾಳೆಗೆ ರಬ್ಬರ್ ಆಗತ್ತೆ." ದಪ್ಪಗೆ ತಟ್ಟಿ, ಮೇಲೆ ಚಾಕುವಿನ ತುದಿಯಿಂದ ಗೀರು ಎಳೆದು, ಸಣ್ಣ ಉರಿಯಲ್ಲಿ ಬೇಯಲು ಬಿಟ್ಟರು. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಸರಿಯಾಗಿ ಬೆಂದ ಲೋಲೋ ಮುರಿದರೆ ಬಿಸ್ಕತ್ತಿನ ಹಾಗೆ ಪುಡಿಪುಡಿ ಉದುರತ್ತೆ.

ಜೊತೆಗೆ ಈರುಳ್ಳಿ, ಹಸಿಮೆಣಸು ಹಾಕಿದ ಕಡಲೆ ಹಿಟ್ಟಿನ ಖಾರದ ರೊಟ್ಟಿ, ಕೋಕಿ. ಖಟೋ ಭತ್, ಅದು ಹೆಚ್ಚುಕಡಿಮೆ ನಮ್ಮ ಮೊಸರನ್ನವೇ. ಇಷ್ಟನ್ನೂ ಮಾಡಿದ್ದು ಸೊಸೆ. ಅವಳು ಮರಾಠಿ ಮನೆಯ ಹುಡುಗಿ. ಬೆಳಗ್ಗೆ ಕೆಲಸಕ್ಕೆ ಹೋಗಿ, ಸಂಜೆ ಬಂದು, ರಾತ್ರಿ ಹತ್ತರವರೆಗೆ ಹೆಂಚಿನ ಮುಂದೆ ನಿಂತಿದ್ದಳು. ಮೊಮ್ಮಗಳಿಗೆ ಸಿಂಧಿ ಬರಲ್ಲ ಅಂತ ನೆಂಟರೆಲ್ಲ ಇವಳತ್ತ ಬೆರಳು ತೋರಿಸುವುದನ್ನು ನಾನೇ ಕೇಳಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಸಿಂಧಿ ಗೊತ್ತಿದ್ದವನು ಅವಳ ಗಂಡ. ಅಮ್ಮನ ಜೊತೆ ಸಿಂಧಿ, ಮಗಳ ಕಡೆ ತಿರುಗಿದ ತಕ್ಷಣ ಹಿಂದಿ. "ಅದರಿಂದ ಮಗಳಿಗೇನು ಉಪಯೋಗ?" ಅನ್ನುತ್ತಾನೆ. ಒಳ್ಳೆಯವನೇ, ಕಷ್ಟಕ್ಕೆ ಆಗುವವನು. ಆದರೆ ಈ ವಿಷಯದಲ್ಲಿ ಅವನು ಮಾಡಿದ್ದು ಸರಿಯಲ್ಲ.

ಎಲ್ಲಾ ಮುಗಿದ ಮೇಲೆ ಗ್ಯಾಸ್ ಒಲೆ ಒರೆಸಿ, ಕುಂಕುಮ ಇಟ್ಟು, ಪಕ್ಕದಲ್ಲಿ ದೀಪ ಹಚ್ಚಿದರು. ಆಂಟಿ ಬಟ್ಟಲಿಂದ ಒಂದೊಂದೇ ಬೊಗಸೆ ನೀರು ಬರ್ನರ್ ಮೇಲೆ ಚಿಮುಕಿಸುತ್ತಾ ಹೇಳಿದರು: "ಠಾರ್ ಮಾತಾ ಠಾರ್, ಪಂಹಿಂಜನ್ ಬಚಡನ್ ಖೇ ಠಾರ್." ತಾಯಿ, ನಿನ್ನ ಮಕ್ಕಳನ್ನು ಠಾರ್ ಮಾಡು ಅಂತ. ನೀರು ಸ್ಟೀಲಿನ ಮೇಲೆ ಮಣಿಮಣಿಯಾಗಿ ನಿಂತಿತ್ತು. ಆಗಲೇ ಆ ಹುಡುಗಿ ಕೇಳಿದ್ದು.

ಆಂಟಿ ಹಿಂದಿಯಲ್ಲಿ ಹೇಳೋಕೆ ನೋಡಿದರು. "ಠಂಡಾ... ಠಂಡಾ ಕರೋ ಮಾತಾ..." ಅಂದು ಅಲ್ಲಿಗೇ ನಿಲ್ಲಿಸಿದರು. ಅವರಿಗೇ ಅದು ಸರಿ ಅನಿಸಲಿಲ್ಲ. "ಫ್ರಿಜ್ ಥರನಾ?" ಅಂತ ಹುಡುಗಿ. "ಠಾರ್ ಅಂದ್ರೆ ಠಾರ್" ಅಂದುಬಿಟ್ಟು ಮುಖ ತಿರುಗಿಸಿದರು.

ನನಗೆ ಆ ಪದ ಗೊತ್ತಿತ್ತು! ಚೆನ್ನಾಗಿ ಗೊತ್ತಿತ್ತು. ನನ್ನಮ್ಮ ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ ಇಡುವ ಮುಂಚೆ ಹೇಳೋದು ಅದನ್ನೇ: "ನಿನ್ನ ಹೊಟ್ಟಿ ತಣ್ಣಗಿರ್ಲಿ." ಹೊಟ್ಟೆ ತಣ್ಣಗಿರೋದು ಅಂದ್ರೆ ಮಕ್ಕಳು ಚೆನ್ನಾಗಿರೋದು. ಅದಕ್ಕೂ ಐಸಿಗೂ ಏನು ಸಂಬಂಧ? ಆದರೆ ಅದನ್ನು ಹಿಂದಿಯಲ್ಲಿ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಅಡುಗೆಮನೆಯಲ್ಲಿ ಸುಮ್ನೆ ಕೂತೆ. ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮ ಕಡೆ ಪಂಚಮಿಯಲ್ಲೂ ಇದೇ ಅಲ್ವಾ? ಹಬ್ಬದ ದಿನ ಹೆಂಚು ಇಡೋ ಹಾಗಿಲ್ಲ. ಅದಕ್ಕೇ ಹಿಂದಿನ ದಿನ ರೊಟ್ಟಿ ಹಬ್ಬ, ರೊಟ್ಟಿ ಬಡಿದು ಓಣಿಗೆಲ್ಲ ಹಂಚೋದು. ಮರುದಿನ ಹುತ್ತಕ್ಕೆ ಹಾಲೆರೆಯೋದನ್ನು ಎಷ್ಟೋ ಊರಲ್ಲಿ ತನಿ, ಅಂದರೆ ತಂಪು, ಎರೆಯೋದು ಅಂತಲೇ ಕರೆಯುತ್ತಾರೆ. ನನ್ನ ಮಗ ಹುಟ್ಟಿ ಬೆಳೆದದ್ದು ಇಲ್ಲೇ. ಅವನನ್ನು ಈ ಪದ ಕೇಳಿದರೆ ಏನು ಹೇಳುತ್ತಾನೋ ಅನ್ನೋ ಭಯಕ್ಕೆ ಇನ್ನೂ ಕೇಳಿಲ್ಲ.

ಆದರೆ ನಮಗೆ ಒಂದು ಊರಿದೆ. ರಜೆಗೆ ಕರೆದುಕೊಂಡು ಹೋದರೆ ಬಸ್ಸಿನ ಬೋರ್ಡು, ಕಿರಾಣಿ ಅಂಗಡಿ, ಜಗಳ, ಎಲ್ಲಾ ಕನ್ನಡದಲ್ಲಿ ಸಿಗುತ್ತದೆ. ಆಂಟಿಗೆ ಅದಿಲ್ಲ. 1947ರಲ್ಲಿ ಪಂಜಾಬ್, ಬಂಗಾಳ ಎರಡು ಹೋಳಾದವು. ಸಿಂಧ್ ಇಡಿಯಾಗಿ ಆಚೆಗೇ ಹೋಯಿತು. 5 ವರ್ಷದ ಮಗುವಾಗಿದ್ದ ಆಂಟಿ ಕರಾಚಿಯಿಂದ ಹಡಗಿನಲ್ಲಿ ಮುಂಬೈಗೆ ಬಂದು, ಅಲ್ಲಿಂದ ಇಲ್ಲಿನ ಸೈನ್ಯದ ಬ್ಯಾರಕ್ಕಿಗೆ ಬಂದರು. ಆಗ ಇದು ಕಲ್ಯಾಣ್ ಕ್ಯಾಂಪ್. ಉಲ್ಹಾಸನಗರ ಅನ್ನೋ ಹೆಸರು ಬಂದದ್ದು 1949ರಲ್ಲಿ. ರಿಕ್ಷಾದವರಿಗೆ ಇವತ್ತಿಗೂ ಕ್ಯಾಂಪ್ ನಂಬರ್ ಹೇಳಿದರೇನೇ ದಾರಿ ತಿಳಿಯೋದು. ಸಿಂಧಿ ಭಾಷೆ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1967ರಲ್ಲಿ. ಸೇರಿತು ನಿಜ, ಆದರೆ ಅದರ ಹೆಸರಿನ ರಾಜ್ಯ ಒಂದಿಲ್ಲ. ಹಾಗಾಗಿ ಭಾಷೆ ಉಳಿಯಬೇಕಾದರೆ ಇಂಥ ಅಡುಗೆಮನೆಗಳಲ್ಲೇ ಉಳಿಯಬೇಕು.

ಇನ್ನೊಂದು. ಸಿಂಧಿಯಲ್ಲಿ ಅಜ್ಜಿಗೆ ಡಾಡಿ ಅನ್ನಬೇಕು. ಆ ಡ ನಮ್ಮ ಡ ಅಲ್ಲ. ಗಾಳಿಯನ್ನು ಹೊರಗೆ ತಳ್ಳದೆ ಗಂಟಲಿಗೆ ಎಳೆದುಕೊಂಡು ಹೇಳಬೇಕು. ಇಂಥ ನಾಲ್ಕು ದನಿ ಆ ಭಾಷೆಯಲ್ಲಿವೆ. ಆಂಟಿ ಹೇಳಿದರೆ ಕೊಡಕ್ಕೆ ನೀರು ತುಂಬುವಾಗ ಬರುವ ಗುಳುಕ್ ಸದ್ದು ಕೇಳಿದ ಹಾಗಿರುತ್ತದೆ. ಮೊಮ್ಮಗಳು ಕರೆಯೋದು ಹಿಂದಿಯ ದಾದಿ ಅಂತ.

ಹಬ್ಬದ ದಿನ ಮಧ್ಯಾಹ್ನ ತಡೆಯಲಾರದೆ ಎದುರು ಮನೆಗೆ ಹೋದೆ. ಹುಡುಗಿ ಕೋಕಿಗೆ ಮೊಸರು ಹಚ್ಚಿಕೊಂಡು ತಿನ್ನುತ್ತಿದ್ದಳು. ನನ್ನ ಹರಕು ಹಿಂದಿಯಲ್ಲೇ ಹೇಳಿದೆ. "ನಮ್ಮ ಭಾಷೆಯಲ್ಲೂ ಠಾರ್ ಇದೆ ಪುಟ್ಟೀ. ಬೇಸಿಗೆಯಲ್ಲಿ ಶಾಲೆಯಿಂದ ಬಂದಾಗ ದಾದಿ ಒದ್ದೆ ಕೈಯಿಂದ ನಿನ್ನ ಮುಖ ಒರೆಸ್ತಾರಲ್ಲ, ಆಗ ಹೇಗನ್ಸತ್ತೆ? ಅದು. ಯಾವಾಗ್ಲೂ ಹಾಗೇ ಇರಲಿ ಅಂತ."

ಹುಡುಗಿ ಅಜ್ಜಿಯ ಮುಖ ನೋಡಿದಳು. ಆಂಟಿ ನನ್ನ ಕಡೆ ತಿರುಗಿ, "ನಿಮ್ಮಲ್ಲಿ ಏನಂತಾರೆ?" ಅಂದರು. "ತಣ್ಣಗಿರಲಿ" ಅಂದೆ. ಅವರು ಎರಡು ಸಲ ಹೇಳಿ ನೋಡಿದರು. ಣ್ಣ ಅವರ ಬಾಯಲ್ಲಿ ಎಷ್ಟು ಚೆನ್ನಾಗಿ ಬಂತು ಅಂತೀರಿ. ಆಮೇಲೆ ಎದ್ದು ಹೋಗಿ ನಾಲ್ಕು ಲೋಲೋ ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು.

ಆ ಡಬ್ಬಿ ಇನ್ನೂ ನಮ್ಮ ಅಡುಗೆ ಕಟ್ಟೆಯ ಮೇಲಿದೆ. ಖಾಲಿ ಡಬ್ಬಿ ವಾಪಸ್ ಕೊಡಬಾರದು. ಶೇಂಗಾ ಹುರಿದಿಟ್ಟಿದ್ದೇನೆ, ಸಂಜೆ ಮಗ ಬಂದ ಮೇಲೆ ಅವನನ್ನೂ ಕೂರಿಸಿಕೊಂಡು ಉಂಡಿ ಕಟ್ಟಬೇಕು. ಕೊಟ್ಟು ಬರೋದಕ್ಕೂ ಅವನನ್ನೇ ಕಳಿಸುತ್ತೇನೆ.