ಖಾಲಿ ಬಿಟ್ಟ ಜಾಗ

ಭಾನುವಾರ ಅಣ್ಣನ ಮಗಳನ್ನು ಕರೆದುಕೊಂಡು ಮಕ್ಕಳ ಪುಸ್ತಕದ ಚಿತ್ರಗಳ ಪ್ರದರ್ಶನ ನೋಡಿ ಬಂದೆ. ಕಲಬುರಗಿಯ ಬಿಸಿಲಲ್ಲಿ ಫ್ಯಾನ್ ಕೆಳಗೆ ನಿಂತು ಚಿತ್ರ ನೋಡುವುದೇ ಒಂದು ಸುಖ ಬಿಡಿ.

ಅಚ್ಚಾದ ಪುಟಗಳಲ್ಲ, ಕೈಯಿಂದ ಬಿಡಿಸಿದ ಮೂಲ ಹಾಳೆಗಳು. ಹತ್ತಿರ ಹೋದರೆ ಅಳಿಸಿದ ಪೆನ್ಸಿಲ್ ಗೆರೆ, ತಪ್ಪಾದ ಕಡೆ ಬಳಿದ ಬಿಳಿ ಬಣ್ಣ ಎಲ್ಲಾ ಕಾಣುತ್ತದೆ. ಒಂದರಲ್ಲಿ ಆನೆ ಮೂಲೆಗೆ ಸರಿದು ನಿಂತಿತ್ತು. ಉಳಿದದ್ದೆಲ್ಲ ಖಾಲಿ ಆಕಾಶ.

"ಅತ್ತಿ, ಇವರ ಬಣ್ಣ ಖಲಾಸ್ ಆಯ್ತೇನ್?" ಅಂದಳು.

ಖಲಾಸ್ ಅಲ್ಲ, ಅದು ಅಕ್ಷರ ಕೂರಲು ಬಿಟ್ಟ ಜಾಗ. ಹಾಗೇ ಎರಡು ಪುಟ ಕೂಡುವ ನಡುವಿನ ಮಡಿಕೆಯಲ್ಲಿ ಮುಖ ಬಿಡಿಸದೆ ಜಾಗ ಉಳಿಸುತ್ತಾರೆ. ಇಲ್ಲಾಂದ್ರೆ ಹೊಲಿಗೆಯೊಳಗೆ ಮೂಗೇ ಮಾಯ ಅಲ್ವಾ!

ನನಗೆ ಸುಮ್ನೆ ಕನಗನಹಳ್ಳಿ ನೆನಪಾಯಿತು. ನಮ್ಮ ಜಿಲ್ಲೆಯದೇ, ಸನ್ನತಿ ಪಕ್ಕ. ಅಲ್ಲಿಯ ಬೌದ್ಧ ಸ್ತೂಪದ ಸುಣ್ಣದಕಲ್ಲಿನ ಫಲಕಗಳಲ್ಲಿ ಜಾತಕ ಕಥೆಗಳಿವೆ, ಅಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆಗಳು. ಎಷ್ಟೋ ಚಿತ್ರಗಳ ಜೊತೆ ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಕೆತ್ತಿದ್ದಾರೆ. ರಾಜ, ರಾಣಿ ನಿಂತ ಒಂದು ಫಲಕದಲ್ಲಿ 'ರಾಯೋ ಅಸೋಕೋ' ಅಂತ ಇದೆ. ಅಂದರೆ ರಾಜ ಅಶೋಕ. ಸುಮಾರು 2000 ವರ್ಷ ಹಿಂದೆಯೇ ನಮ್ಮ ಭೀಮಾ ದಂಡೆಯಲ್ಲಿ ಯಾರೋ ಚಿತ್ರದ ಪಕ್ಕ ಅಕ್ಷರಕ್ಕೂ ಜಾಗ ಲೆಕ್ಕ ಹಾಕಿದ್ದರು. ತಪ್ಪಾದರೆ ಬಳಿಯಲು ಬಿಳಿ ಬಣ್ಣ ಬೇರೆ ಇಲ್ಲ, ಕಲ್ಲು!

ಮನೆಗೆ ಬಂದವಳೇ ನನ್ನ ಆಫೀಸಿನ ಹಾಳೆ ತೆಗೆದು ಮೂಲೆಯಲ್ಲಿ ಸಣ್ಣ ಬೆಕ್ಕು ಬಿಡಿಸಿದಳು. ಉಳಿದ ಜಾಗ ನನಗಂತೆ. "ಕತಿ ನೀ ಬರಿ" ಅಂತ ಹೇಳಿ ಮಲಗಿದಳು.

ರಾತ್ರಿ ಹನ್ನೊಂದಾಯಿತು. ಬೆಕ್ಕು ನನ್ನನ್ನೇ ನೋಡ್ತಾ ಇದೆ.