ಹಿರಿಯರ ಮುಖಗಳು: ಸುಕ್ಕು ಉಳಿಸಿಕೊಂಡು ಎಡಿಟ್ ಮಾಡುವ ಕೆಲಸ ಎಲ್ಲಿಗೆ ಬಂತು

ತಿಪಟೂರು ಕಡೆಯ ನಮ್ಮೂರಿನ ಹಿರಿಯರ ಮುಖಚಿತ್ರ ತೆಗೆಯುವ ಕೆಲಸ ಬಹುಪಾಲು ಮುಗಿದು, ಎಡಿಟಿಂಗ್ ನಡೆಯುತ್ತಿದೆ. ಎಂಬತ್ತು ದಾಟಿದವರೇ ಜಾಸ್ತಿ. ತೆಂಗಿನ ತೋಟದಲ್ಲಿ, ರಾಗಿ ಹೊಲದಲ್ಲಿ ಬಿಸಿಲು ಕಂಡ ಮುಖಗಳು. ಪ್ರತಿ ಮನೆಗೂ ಒಂದು ದೊಡ್ಡ ಕಪ್ಪು-ಬಿಳುಪು ಪ್ರಿಂಟ್ ಕೊಡಬೇಕು, ಅದರಲ್ಲಿ ಚರ್ಮ ಇದ್ದ ಹಾಗೇ ಕಾಣಬೇಕು ಅನ್ನುವುದು ನನ್ನ ಆಸೆ. ನಮ್ಮ ಕಡೆ ವಯಸ್ಸಾದವರ ಫೋಟೋ ಹೇಗಿರುತ್ತದೆ ಅಂತ ಗೊತ್ತಲ್ವಾ? ಮುಖ ನುಣ್ಣಗೆ, ಬಣ್ಣ ಬೆಳ್ಳಗೆ. ಅಜ್ಜಿಯ ಗಲ್ಲದ ಮೇಲಿನ ಸಣ್ಣ ಸಣ್ಣ ಗೆರೆಗಳನ್ನು ನೋಡುತ್ತಾ ಬೆಳೆದ ಮೊಮ್ಮಗುವಿಗೆ ಅದು ಬೇರೆ ಯಾರದೋ ಮುಖ.

ಸಂಕ್ರಾಂತಿ ಆದ ಮೇಲೆ: ಬೆಳಕು

ಫೋಟೋ ತೆಗೆದಿದ್ದೆಲ್ಲ ಬಾಗಿಲ ಪಕ್ಕದಲ್ಲಿ, ಇಲ್ಲವೇ ತೊಟ್ಟಿ ಮನೆಯ ಕಂಬದ ಹತ್ತಿರ. ಬೆಳಕು ಒಂದು ಪಕ್ಕದಿಂದ ಬೀಳಬೇಕು. ಸುಕ್ಕು ಅಂದರೆ ಒಂದು ಏರು, ಒಂದು ತಗ್ಗು. ಪಕ್ಕದ ಬೆಳಕಿಗೆ ಏರು ಹೊಳೆಯುತ್ತದೆ, ತಗ್ಗಿನಲ್ಲಿ ನೆರಳು ನಿಲ್ಲುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಎರಡೂ ಒಂದೇ ಆಗಿಬಿಡುತ್ತವೆ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಕೂತರೂ ಆ ಗೆರೆ ವಾಪಸ್ ಬರುವುದಿಲ್ಲ.

85 ಎಂಎಂ ಲೆನ್ಸ್, ಎಫ್/5.6 (ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅನ್ನುವ ಅಳತೆ). ಇನ್ನೂ ಅಗಲ ತೆರೆದರೆ ಕಣ್ಣು ಮಾತ್ರ ಚೂಪಾಗಿ ಕೆನ್ನೆ ಮಸುಕಾಗುತ್ತದೆ. ನನಗೆ ಕಿವಿಯ ತನಕ ಚರ್ಮ ಬೇಕು. ಎಲ್ಲವೂ ರಾ ಫೈಲ್, ಅಂದರೆ ಕ್ಯಾಮೆರಾದ ಸೆನ್ಸರ್ ಹಿಡಿದಿದ್ದನ್ನು ಹಾಗೇ ಉಳಿಸಿಕೊಂಡ ಫೈಲ್. 14 ಬಿಟ್ ರಾ ಫೈಲಿನಲ್ಲಿ ಒಂದೊಂದು ಬಣ್ಣಕ್ಕೂ 16,384 ಹಂತಗಳು, ಜೆಪೆಗ್‌ನಲ್ಲಿ 256. ಕಪ್ಪು ಚರ್ಮದ ನೆರಳಿನ ಭಾಗವನ್ನು ಎತ್ತುವಾಗ ಈ ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಎಣ್ಣೆ ಹಚ್ಚಿದ ಹಣೆಯ ಹೊಳಪು, ಮೂಗುಬಟ್ಟಿನ ಕಲ್ಲು ಪೂರ್ತಿ ಬೆಳ್ಳಗಾಗದ ಹಾಗೆ ಎಕ್ಸ್‌ಪೋಷರ್ ಸ್ವಲ್ಪ ಕಡಿಮೆಯೇ ಇಟ್ಟೆ. ಬೆಳ್ಳಗೆ ಸುಟ್ಟುಹೋದ ಜಾಗದಲ್ಲಿ ಚರ್ಮದ ವಿವರವೇ ಇರುವುದಿಲ್ಲ.

ಶಿವರಾತ್ರಿ ಹೊತ್ತಿಗೆ: ಯಾವ ಸ್ಲೈಡರ್, ಎಷ್ಟು

ನಾನು ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರಿನಲ್ಲಿ ಕ್ಲಾರಿಟಿ ಮತ್ತು ಟೆಕ್ಸ್ಚರ್ ಅಂತ ಎರಡು ಸ್ಲೈಡರ್ ಇವೆ. ಕ್ಲಾರಿಟಿ ಹಳೆಯದು. ಅದು ಮಧ್ಯದ ಛಾಯೆಗಳಲ್ಲಿ, ಸ್ವಲ್ಪ ಅಗಲವಾದ ಜಾಗಗಳಲ್ಲಿ ಕಾಂಟ್ರಾಸ್ಟ್ ಹೆಚ್ಚಿಸುತ್ತದೆ. ಟೆಕ್ಸ್ಚರ್ ಬಂದಿದ್ದು 2019ರಲ್ಲಿ. ಅದು ಹಿಡಿಯುವುದು ಮಧ್ಯಮ ಗಾತ್ರದ ವಿವರಗಳನ್ನು: ರಂಧ್ರ, ಸಣ್ಣ ಗೆರೆ, ಹುಬ್ಬಿನ ಕೂದಲು. ತೀರಾ ಸಣ್ಣ ನಾಯ್ಸನ್ನು (ಫೋಟೋದಲ್ಲಿ ಕಾಣುವ ಕಾಳು ಕಾಳು ಚುಕ್ಕೆಗಳನ್ನು) ಅಷ್ಟಾಗಿ ಮುಟ್ಟುವುದಿಲ್ಲ. ಚರ್ಮ ನುಣುಪು ಮಾಡುವುದಕ್ಕೆ ಅಂತ ಶುರುವಾದ ಸ್ಲೈಡರ್ ಅದು. ನಾನು ಅದನ್ನು ಎದುರು ದಿಕ್ಕಿಗೆ ಎಳೆಯುತ್ತಿದ್ದೇನೆ.

ಸದ್ಯಕ್ಕೆ ಟೆಕ್ಸ್ಚರ್ +20ರಿಂದ +30, ಕ್ಲಾರಿಟಿ 10 ದಾಟಿಸುವುದಿಲ್ಲ. ಕ್ಲಾರಿಟಿ ಜಾಸ್ತಿಯಾದರೆ ಕಣ್ಣಿನ ಕೆಳಗೆ ಮಸಿ ಬಳಿದ ಹಾಗಾಗುತ್ತದೆ, ಆರೋಗ್ಯವಾಗಿರುವ ಅಜ್ಜ ಕಾಯಿಲೆಯವರ ಹಾಗೆ ಕಾಣುತ್ತಾರೆ. ಹಿರಿಯರ ಫೋಟೋಗಳಿಗೆ ಅತಿಯಾಗಿ ಕ್ಲಾರಿಟಿ ಹಾಕಿ ಮುಖವನ್ನು ಒಣಗಿದ ಕೆರೆಯ ತಳದಂತೆ ಮಾಡುವುದು ನನಗೆ ನುಣುಪು ಮಾಡುವಷ್ಟೇ ನೋವು ಕೊಡುತ್ತದೆ. ಎರಡರಲ್ಲೂ ಮನುಷ್ಯ ಕಾಣೆ.

ಅಂಚುಗಳನ್ನು ಚೂಪು ಮಾಡುವ ಶಾರ್ಪನಿಂಗ್‌ನಲ್ಲಿ ಆಲ್ಟ್ ಕೀ ಒತ್ತಿಕೊಂಡು ಮಾಸ್ಕಿಂಗ್ ಎಳೆದರೆ ಎಲ್ಲೆಲ್ಲಿ ಕೆಲಸ ಆಗುತ್ತಿದೆ ಅಂತ ಬಿಳಿ ಗೆರೆಗಳಲ್ಲಿ ತೋರಿಸುತ್ತದೆ. ಕಣ್ಣು, ಹುಬ್ಬು, ದೊಡ್ಡ ಗೆರೆಗಳಷ್ಟೇ ಉಳಿಯುವ ಹೊತ್ತಿಗೆ ನಿಲ್ಲಿಸುತ್ತೇನೆ.

ಯುಗಾದಿ ನಂತರ: ಕುಂಕುಮ, ಹಚ್ಚೆ, ಬಿಳಿ ಗಡ್ಡ

ಅತಿ ಹೆಚ್ಚು ಸಮಯ ತಗೊಂಡಿದ್ದು, ಅತಿ ಹೆಚ್ಚು ಖುಷಿ ಕೊಟ್ಟಿದ್ದು ಈ ಭಾಗ. ಬಣ್ಣದ ಫೋಟೋವನ್ನು ಕಪ್ಪು-ಬಿಳುಪು ಮಾಡುವಾಗ ಸುಮ್ನೆ ಸ್ಯಾಚುರೇಷನ್ (ಬಣ್ಣದ ಗಾಢತೆ) ಸೊನ್ನೆ ಮಾಡಿದರೆ ಅರ್ಧ ವಿವರ ಹೋಗುತ್ತದೆ. ಫೋಟೋಶಾಪಿನಲ್ಲಿ ಒಂದೊಂದು ಬಣ್ಣದ ಬೆಳಕನ್ನು ಬೇರೆ ಬೇರೆಯಾಗಿ ತೋರಿಸುವ ಚಾನೆಲ್ಸ್ ಪ್ಯಾನೆಲ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ತೆರೆದು ನೋಡಿ. ಒಂದೇ ಮುಖ ಮೂರು ಥರ ಕಾಣುತ್ತದೆ.

ನಮ್ಮ ಚರ್ಮ ಕೆಂಪು ಬೆಳಕನ್ನು ಚೆನ್ನಾಗಿ ವಾಪಸ್ ಕೊಡುತ್ತದೆ. ಹಾಗಾಗಿ ಕೆಂಪು ಚಾನೆಲಿನಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ನೀಲಿಯಲ್ಲಿ ಚರ್ಮ ಗಾಢವಾಗಿ, ಪ್ರತಿ ಕಲೆ, ಪ್ರತಿ ಗೆರೆ ಎದ್ದು ಬರುತ್ತದೆ, ನಾಯ್ಸ್ ಕೂಡ ಜಾಸ್ತಿ. ಹಸಿರು ಇವೆರಡರ ನಡುವೆ. ಹಿಂದಿನ ಕಾಲದ ಆರ್ಥೊಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಆ ಫಿಲಂನ ಫೋಟೋಗಳಲ್ಲಿ ಕುಂಕುಮ ಕಪ್ಪು ಬೊಟ್ಟಾಗಿ, ಮುಖದ ಗೆರೆಗಳು ಅಷ್ಟು ಗಟ್ಟಿಯಾಗಿ ಕಾಣುವುದಕ್ಕೆ ಅದೇ ಕಾರಣ.

ಗಡ್ಡ ಬೋಳಿಸಿ ನಾಲ್ಕು ದಿನವಾದ ತಾತಂದಿರಿಗೆ ನೀಲಿ ಚಾನೆಲ್ ಸ್ವಲ್ಪ ಬೆರೆಸಿದರೆ ಸಾಕು. ಚರ್ಮ ಕಪ್ಪಾಗಿ, ಬಿಳಿ ಕುರುಚಲು ಒಂದೊಂದೇ ಎಣಿಸುವ ಹಾಗೆ ನಿಲ್ಲುತ್ತದೆ. ಅಜ್ಜಿಯರ ವಿಷಯ ಅಷ್ಟು ಸಲೀಸಲ್ಲ. ಒಬ್ಬ ಅಜ್ಜಿ ಕೈಯನ್ನು ಗಲ್ಲಕ್ಕೆ ಕೊಟ್ಟು ಕೂತಿದ್ದಾರೆ. ಹಣೆಯಲ್ಲಿ ಕಾಸಗಲ ಕುಂಕುಮ, ಮುಂಗೈ ತುಂಬ ಚಿಕ್ಕಂದಿನಲ್ಲಿ ಕೊರವಂಜಿ ಹಾಕಿದ ಹಚ್ಚೆ. ಕೆಂಪು ಚಾನೆಲಿಗೆ ಹೋದರೆ ನೀಲಿ-ಹಸಿರು ಹಚ್ಚೆ ಚೆನ್ನಾಗಿ ಕಾಣುತ್ತದೆ, ಆದರೆ ಕುಂಕುಮ ಚರ್ಮದಲ್ಲೇ ಕರಗಿಹೋಗುತ್ತದೆ, ಸುಕ್ಕೂ ಮಂಕು. ಹಸಿರಿಗೆ ಬಂದರೆ ಕುಂಕುಮ ಗಾಢವಾಗಿ ಕೂರುತ್ತದೆ, ಕೆನ್ನೆಯ ಬಲೆಯಂಥ ಗೆರೆಗಳು ಬರುತ್ತವೆ, ಆದರೆ ಹಚ್ಚೆ ಮಾಯ.

ಎರಡನ್ನೂ ಬಿಡುವ ಮನಸ್ಸಿಲ್ಲ. ಹಾಗಾಗಿ ಎರಡು ಚಾನೆಲ್ ಮಿಕ್ಸರ್ ಲೇಯರ್ (ಮೂರು ಚಾನೆಲ್‌ಗಳನ್ನು ಬೇಕಾದಷ್ಟು ಬೆರೆಸುವ ಪದರ), ಎರಡಕ್ಕೂ ಮಾನೋಕ್ರೋಮ್ ಟಿಕ್, ಅಂದರೆ ಕಪ್ಪು-ಬಿಳುಪು. ಕೆಳಗಿನದು ಹಸಿರು ಪ್ರಧಾನ: ಹಸಿರು 65, ಕೆಂಪು 25, ನೀಲಿ 10. ಮೇಲಿನದು ಪೂರ್ತಿ ಕೆಂಪು, ಮಾಸ್ಕ್ ಹಾಕಿ ಮುಂಗೈಗೆ ಮಾತ್ರ ತಾಗುವ ಹಾಗೆ ಮಾಡಿದೆ. ಎರಡು ಲೇಯರಿನ ಲೆಕ್ಕ ಒಂದರ ಮೇಲೊಂದು ಬೀಳಬಾರದು, ಅದಕ್ಕೆ ಕೆಳಗಿನದರ ಮಾಸ್ಕಿನಲ್ಲಿ ಆ ಜಾಗ ಮುಚ್ಚಿದೆ. ಹಚ್ಚೆಯ ಗೆರೆಗಳಿಗಷ್ಟೇ ಮಾಸ್ಕ್ ಹಾಕಿದರೆ ಸರಿಹೋಗುವುದಿಲ್ಲ, ಸುತ್ತಲಿನ ಚರ್ಮವೂ ಸೇರಬೇಕು. ಆಮೇಲೆ ಕರ್ವ್ಸ್‌ನಲ್ಲಿ ಕೈಯ ಹೊಳಪನ್ನು ಮುಖದ ಛಾಯೆಗೆ ಹೊಂದುವಷ್ಟು ಇಳಿಸಿದೆ. ಈಗ ಮುಂಗೈ ಮೇಲಿನ ರಂಗೋಲಿ ಎಳೆಗಳೂ ಕಾಣುತ್ತಿವೆ, ಕುಂಕುಮವೂ ಇದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಹತ್ತಿರವಾದ ಫೋಟೋ ಇದು.

ಕಣ್ಣು

ಎಂಬತ್ತರ ಹಲವರ ಕಣ್ಣಿನ ಕಪ್ಪು ಭಾಗದ ಸುತ್ತ ಬೂದು ಬಣ್ಣದ ಉಂಗುರ ಬಂದಿರುತ್ತದೆ. ಕಣ್ಣನ್ನು ಬೆಳ್ಳಗೆ, ಚೂಪಾಗಿ ಮಾಡುವ ಪ್ರಿಸೆಟ್‌ಗಳು (ಸಿದ್ಧ ಸೆಟ್ಟಿಂಗ್‌ಗಳು) ಅದನ್ನು ಹಾಳು ಮಾಡುತ್ತವೆ, ಇಪ್ಪತ್ತರ ಕಣ್ಣನ್ನು ತಂದು ಎಂಬತ್ತರ ಮುಖಕ್ಕೆ ಅಂಟಿಸಿದಂತೆ ಆಗುತ್ತದೆ. ನಾನು ಪಾಪೆಯಲ್ಲಿ ಬಿದ್ದ ಬಾಗಿಲ ಬೆಳಕನ್ನು ಮಾತ್ರ ಚೂರು ಎತ್ತುತ್ತೇನೆ. ಅಷ್ಟೇ.

ಈಗ: ಡಾಡ್ಜ್ ಮತ್ತು ಬರ್ನ್

ಕೊನೆಯ ಹಂತ ಕೈಕೆಲಸ: ಡಾಡ್ಜ್ ಅಂದರೆ ಬೇಕಾದ ಕಡೆ ಬೆಳಗಿಸುವುದು, ಬರ್ನ್ ಅಂದರೆ ಕಪ್ಪಾಗಿಸುವುದು. ಹೊಸ ಲೇಯರ್, 50% ಬೂದು, ಬ್ಲೆಂಡ್ ಮೋಡ್ ಸಾಫ್ಟ್ ಲೈಟ್. ಬ್ರಷ್‌ನ ಫ್ಲೋ (ಒಂದು ಎಳೆತಕ್ಕೆ ಬೀಳುವ ಬಣ್ಣದ ಪ್ರಮಾಣ) 3ರಿಂದ 5%. ಗೆರೆಯ ಏರಿನ ಮೇಲೆ ಬಿಳಿ, ತಗ್ಗಿನಲ್ಲಿ ಕಪ್ಪು. ಬೆಳಕು ಯಾವ ಪಕ್ಕದಿಂದ ಬಂದಿತ್ತೋ ಆ ದಿಕ್ಕನ್ನು ಮೀರಬಾರದು. ಹಣೆಯ ಅಡ್ಡಗೆರೆಗಳು, ಕಣ್ಣಿನ ತುದಿಯ ನಗುವಿನ ಗೆರೆಗಳು, ಇವಕ್ಕೆ ಹೆಚ್ಚು ಸಮಯ ಕೊಡುತ್ತೇನೆ. ಗಾಯ, ಹೊಸ ಮೊಡವೆ, ಅವತ್ತು ಸೊಳ್ಳೆ ಕಚ್ಚಿದ ಗುರುತು ತೆಗೆದುಬಿಡುತ್ತೇನೆ. ಮಚ್ಚೆ, ಹಳೆಯ ಕಲೆ ಮುಟ್ಟುವುದಿಲ್ಲ. ಎಐ ಹಾಕಿ ವಿವರ ಹುಟ್ಟಿಸುವ ಸಾಧನಗಳನ್ನು ಹತ್ತಿರ ಸೇರಿಸಿಲ್ಲ. ಆ ಸುಕ್ಕು ಆ ಅಜ್ಜಿಯದಲ್ಲ, ಅಷ್ಟು ಸಾಕು ಬೇಡ ಅನ್ನುವುದಕ್ಕೆ.

ಮನೆಯವರಿಂದ ಬರುವ ಮಾತು ಹೆಚ್ಚೂಕಡಿಮೆ ಒಂದೇ: "ಸ್ವಲ್ಪ ಬೆಳ್ಳಗೆ ಮಾಡಪ್ಪ, ಸುಕ್ಕು ತೆಗಿ." ಅದಕ್ಕೆ ಫೋಟೋವನ್ನು ಮೊದಲು ಅಜ್ಜಿಗೋ ತಾತನಿಗೋ ತೋರಿಸುತ್ತೇನೆ. ಮುಖ ಅವರದು, ಮಾತೂ ಅವರದೇ ಆಗಬೇಕು. ಹಚ್ಚೆಯ ಅಜ್ಜಿ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ನಮ್ಮವ್ವನೇ ಕೂತಂಗವ್ಳಲ್ಲಪ್ಪ" ಅಂದರು. ಯಾರಿಗಾದರೂ ಬೇಡ ಅನಿಸಿದರೆ ಗೆರೆಗಳನ್ನು ಮೆದುವಾಗಿಟ್ಟ ಬಣ್ಣದ ಪ್ರತಿ ಕೊಡುತ್ತೇನೆ. ಬಣ್ಣ ಬೆಳ್ಳಗೆ ಮಾಡುವುದಕ್ಕೆ ಮಾತ್ರ ಒಪ್ಪುವುದಿಲ್ಲ.

ಮುಂದಿನದು ಪ್ರಿಂಟ್. 12×18 ಇಂಚು, 300 ಪಿಪಿಐ (ಇಂಚಿಗೆ 300 ಪಿಕ್ಸೆಲ್), ಅಂದರೆ 3600×5400 ಪಿಕ್ಸೆಲ್. ಹೊಳಪಿಲ್ಲದ ಮ್ಯಾಟ್ ಪೇಪರಿನಲ್ಲಿ ಕಪ್ಪು ಸ್ವಲ್ಪ ಬೂದಾಗಿ ಕಾಣುತ್ತದೆ, ಸಣ್ಣ ಗೆರೆಗಳು ಪರದೆಯಲ್ಲಿ ಕಂಡಷ್ಟು ಗಟ್ಟಿಯಾಗಿ ಬರುವುದಿಲ್ಲ. ಗ್ಲಾಸಿಯಲ್ಲಿ ಗೆರೆ ಚೆನ್ನಾಗಿ ಬರುತ್ತದೆ, ಆದರೆ ನಡುಮನೆಯ ಟ್ಯೂಬ್‌ಲೈಟ್ ಅದರಲ್ಲಿ ಹೊಳೆಯುತ್ತದೆ. ಅದಕ್ಕೆ ಮ್ಯಾಟ್, ಟೆಕ್ಸ್ಚರ್ ಇನ್ನೊಂದು ಐದು ಹೆಚ್ಚು, ಲ್ಯಾಮಿನೇಷನ್ ಇಲ್ಲ. ಲ್ಯಾಬಿನವರಿಗೆ "ಕರೆಕ್ಷನ್ ಬೇಡ" ಅಂತ ಬರೆದೇ ಕೊಡುತ್ತೇನೆ, ಇಲ್ಲದಿದ್ದರೆ ಮುಖ ನೋಡಿ ಅವರೇ ಬ್ರೈಟ್ ಮಾಡುವುದುಂಟು. ಮೊದಲು ಹಚ್ಚೆಯ ಅಜ್ಜಿಯದು ಮತ್ತು ಕುರುಚಲು ಗಡ್ಡದ ತಾತನದು, ಎರಡೇ ಫೋಟೋ ಕಳಿಸುತ್ತಿದ್ದೇನೆ. ಅವು ಬಂದ ಮೇಲೆ ಉಳಿದವಕ್ಕೆ ಕಪ್ಪಿನ ಅಳತೆ ನಿಗದಿ ಮಾಡುತ್ತೇನೆ.