ಒಲೆಯ ಜಾಡು ಹಿಡಿದು ವೇಲ್ಸ್‌ನ ಹಳೆಯ ರೈತಮನೆಗಳಿಗೆ

ವೇಲ್ಸ್‌ನ ಹಳೆಯ ರೈತಮನೆಗಳ ರಚನೆಯನ್ನು ನೋಡಿ ಅರಿಯಬೇಕೆಂಬ ಆಸೆಯುಳ್ಳವರು ಕಾರ್ಡಿಫ್ ನಗರದಿಂದ ಪಶ್ಚಿಮಕ್ಕೆ ಆರೇಳು ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಫೇಗನ್ಸ್ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯಕ್ಕೆ ಒಂದು ಪೂರ್ಣ ದಿನವನ್ನು ಮೀಸಲಿಡಬೇಕು. 1948ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಬಯಲು ಸಂಗ್ರಹಾಲಯದಲ್ಲಿ, ದೇಶದ ಬೇರೆ ಬೇರೆ ಭಾಗಗಳಲ್ಲಿ ಕಲ್ಲುಕಲ್ಲಾಗಿ, ತೊಲೆತೊಲೆಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿದ ನಲವತ್ತಕ್ಕೂ ಹೆಚ್ಚು ಕಟ್ಟಡಗಳಿವೆ. ಪ್ರವೇಶ ಉಚಿತವಾದರೂ ಕಾರು ನಿಲ್ಲಿಸುವುದಕ್ಕೆ ಶುಲ್ಕವಿದೆ. ಕಾರ್ಡಿಫ್‌ನಿಂದ ಬಸ್ಸಿನಲ್ಲಿಯೂ ಹೋಗಬಹುದು. ಆದರೆ ಮರಳಿ ಬರುವ ಬಸ್ಸಿನ ವೇಳೆಯನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ನಾನು ಹಾಗೆ ಮಾಡದೆ, ತುಂತುರು ಮಳೆಯಲ್ಲಿ ಬಹಳ ಹೊತ್ತು ಕಾದು ನಿಲ್ಲಬೇಕಾಯಿತು.

ಇನ್ನೊಂದು ತಪ್ಪನ್ನೂ ಮಾಡಿದೆ. ನಕ್ಷೆಯಲ್ಲಿ ಹತ್ತಿರವಿದ್ದ ಮನೆಗಳನ್ನು ಮೊದಲು ನೋಡುತ್ತಾ ಹೋದುದರಿಂದ, ಮಧ್ಯಾಹ್ನದ ಹೊತ್ತಿಗೆ ಎಲ್ಲ ಗೋಡೆಗಳೂ ಒಂದೇ ಬಗೆಯಾಗಿ ಕಾಣತೊಡಗಿದವು. ಆಮೇಲೆ ಕಟ್ಟಿದ ಇಸವಿಯ ಕ್ರಮದಲ್ಲಿ, ಪ್ರತಿ ಮನೆಯಲ್ಲೂ ಒಲೆ ಎಲ್ಲಿದೆ, ಹೊಗೆ ಎಲ್ಲಿಂದ ಹೊರಹೋಗುತ್ತದೆ ಎಂಬುದನ್ನಷ್ಟೇ ಹುಡುಕುತ್ತಾ ಇನ್ನೊಂದು ಸುತ್ತು ಹೊರಟೆ. ನಡಿಗೆ ಹೆಚ್ಚಾಗುತ್ತದೆಂಬುದು ನಿಜ. ಆದರೂ ನೀವು ಮೊದಲಿನಿಂದಲೇ ಹೀಗೆ ಮಾಡಿ.

ಆರಂಭ ಹೆಂದ್ರೆರ್-ಅವಿದ್ ಇಖಾವ್ ಎಂಬ ಮನೆಯಿಂದಾಗಲಿ. ‘ಹೆಂದ್ರೆ’ ಎಂದರೆ ವೆಲ್ಷ್ ಭಾಷೆಯಲ್ಲಿ ಚಳಿಗಾಲವನ್ನು ಕಳೆಯುವ ಮೂಲಮನೆ. ಬೇಸಿಗೆಯಲ್ಲಿ ದನಗಳೊಂದಿಗೆ ಬೆಟ್ಟ ಹತ್ತಿ ವಾಸಿಸುವ ಮನೆಗೆ ‘ಹಾವೊದ್’ ಎಂಬ ಬೇರೆ ಹೆಸರಿದೆ. ಉತ್ತರದ ಡೆನ್‌ಬಿಶೈರ್‌ನಿಂದ ಬಂದ ಈ ಮನೆಯ ಕಾಲವನ್ನು ಮರದ ಬೆಳವಣಿಗೆಯ ಉಂಗುರಗಳ ಆಧಾರದಿಂದ 1508 ಎಂದು ನಿರ್ಧರಿಸಲಾಗಿದೆ. ಒಳಹೊಕ್ಕೊಡನೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತು, ನಂತರ ತಲೆಯೆತ್ತಿ ನೋಡಿ. ಬಾಗಿ ಬೆಳೆದ ದಪ್ಪ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನೂ ಎದುರುಬದುರಾಗಿ ನಿಲ್ಲಿಸಿ, ನೆತ್ತಿಯಲ್ಲಿ ಒಂದಕ್ಕೊಂದು ಕೂಡಿಸಿ ಮಾಡಿದ ಜೋಡಿಗಳೇ ಇಡೀ ಚಾವಣಿಯನ್ನು ಹೊತ್ತಿವೆ. ಇದಕ್ಕೆ ‘ಕ್ರಕ್’ ಚೌಕಟ್ಟು ಎನ್ನುತ್ತಾರೆ. ಭಾರವೆಲ್ಲ ಈ ಜೋಡಿಗಳ ಮೂಲಕವೇ ನೆಲಕ್ಕಿಳಿಯುವುದರಿಂದ ಗೋಡೆ ಬರಿಯ ಮರೆ ಮಾತ್ರ. ಕಿಟಕಿಗೆ ಗಾಜಿಲ್ಲ, ಮರದ ಸರಳುಗಳೂ ಮುಚ್ಚುವ ಹಲಗೆಯೂ ಇವೆ. ಒಲೆ ನಡುಮನೆಯ ನೆಲದ ಮೇಲಿದೆ, ಚಿಮಣಿ ಇಲ್ಲ. ಹೊಗೆ ಹುಲ್ಲುಚಾವಣಿಯಲ್ಲಿಯೂ ಕಿಟಕಿಗಳಲ್ಲಿಯೂ ದಾರಿ ಮಾಡಿಕೊಂಡು ಹೋಗಬೇಕು. ಅದೇ ಸೂರಿನ ಕೆಳತುದಿಯಲ್ಲಿ ದನಗಳಿಗೆ ಜಾಗವಿತ್ತು.

ಅಲ್ಲಿಂದ ನೇರವಾಗಿ ಗರೆಗ್ ವೌರ್‌ಗೆ ಹೋಗಿ. ಸ್ನೋಡೋನಿಯಾ ಸೀಮೆಯ ವೌನ್‌ವೌರ್‌ನಿಂದ ಬಂದ ಈ ಮನೆ 1544ರದು. ನಡುವೆ ಮೂವತ್ತಾರೇ ವರ್ಷಗಳ ಅಂತರವಿದ್ದರೂ ಮನೆಯ ಕಲ್ಪನೆಯೇ ಬೇರೆಯಾಗಿದೆ: ದಪ್ಪ ಕಲ್ಲುಗೋಡೆ, ಸ್ಲೇಟುಕಲ್ಲಿನ ಚಾವಣಿ, ಎರಡೂ ತುದಿಗಳಲ್ಲಿ ದೊಡ್ಡ ಚಿಮಣಿ. ಒಲೆ ಮನೆಯ ನಡುವಿನಿಂದ ಗೋಡೆಗೆ ಸರಿದು ಹೊಗೆಗೆ ಕೊಳವೆ ಸಿಕ್ಕಿದುದರಿಂದ, ಮೇಲೊಂದು ಮಹಡಿ ಹಾಕಿಕೊಂಡು ಕಣ್ಣುರಿಯಿಲ್ಲದೆ ಮಲಗುವುದು ಸಾಧ್ಯವಾಯಿತು. ಆ ಚಿಮಣಿಗಳು ಮನೆಯೊಡೆಯನ ಅನುಕೂಲಸ್ಥಿತಿಯನ್ನು ಊರಿಗೆ ಸಾರುತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮಕ್ಕಳಿಗೆ ಮೆಚ್ಚುಗೆಯಾಗುವುದು ಗವರ್ ಪರ್ಯಾಯದ್ವೀಪದಿಂದ ಬಂದ ಕೆನಿಕ್ಸ್ಟನ್ ಮನೆ. ಇದರ ಅತ್ಯಂತ ಹಳೆಯ ಭಾಗ 1610ರದು. ಮುಂದಿನ ಒಂದೂವರೆ ಶತಮಾನದಲ್ಲಿ ಎರಡು ಸಲ ವಿಸ್ತರಿಸಿದ್ದಾರೆ. ದುಷ್ಟಶಕ್ತಿಗಳನ್ನು ದೂರವಿಡುತ್ತದೆಂಬ ನಂಬಿಕೆಯಿಂದ ಹೊರಗೋಡೆಗೆ ಗಾಢ ಕೆಂಪು ಬಣ್ಣ ಬಳಿದಿದ್ದು, ಹುಲ್ಲುಚಾವಣಿಯ ಕೆಳಗೆ ಅದು ದೂರದಿಂದಲೇ ಎದ್ದು ಕಾಣುತ್ತದೆ. ಒಳಗೆ ಒಲೆಯ ಪಕ್ಕದಲ್ಲಿಯೇ ಕಪಾಟಿನಂತೆ ಮಾಡಿದ ಮಲಗುವ ಗೂಡಿದೆ. ಪೊವಿಸ್ ಸೀಮೆಯ ಅಬರ್ನೋದ್ವಿದ್ ಮನೆಯಲ್ಲಿ (1678) ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮರದ ಚೌಕಟ್ಟಿನ ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಡಿಕೆಗೋಡೆಯನ್ನು ನೋಡಲು ಅದು ಒಳ್ಳೆಯ ಜಾಗ.

ಕಡೆಗೆ ಕಿಲೆವೆಂಟ್. ರಾಯಡರ್ ಊರಿನ ಬಳಿಯ ಗುಡ್ಡಗಾಡಿನಿಂದ ಬಂದ ಈ ಉದ್ದಮನೆ ಮೊದಲು ಹದಿನೈದನೆಯ ಶತಮಾನದ ಕ್ರಕ್ ಮನೆಯಾಗಿದ್ದು, 1734ರಲ್ಲಿ ಕಲ್ಲಿನ ಗೋಡೆ ಪಡೆಯಿತು. ಇಸವಿಯ ಕ್ರಮದಲ್ಲಿ ನೋಡುತ್ತಾ ಬಂದವರಿಗೆ ಇಲ್ಲೊಂದು ಅಚ್ಚರಿ ಕಾದಿರುತ್ತದೆ. ಗರೆಗ್ ವೌರ್‌ನ ಚಿಮಣಿಗಳೆದ್ದು ಸುಮಾರು ಇನ್ನೂರು ವರ್ಷಗಳಾದ ಮೇಲೂ ಇಲ್ಲಿ ಮನುಷ್ಯರೂ ದನಗಳೂ ಒಂದೇ ಬಾಗಿಲಿನಿಂದ ಒಳಬಂದು, ಒಂದೇ ಸೂರಿನಡಿ ಮೇಲುಭಾಗ–ಕೆಳಭಾಗ ಹಂಚಿಕೊಂಡಿದ್ದರು. ಕೊಟ್ಟಿಗೆಯನ್ನು ಇಳಿಜಾರಿನ ತುದಿಗಿಟ್ಟದ್ದು ಗಂಜಲ ಹೊರಗೆ ಹರಿದುಹೋಗಲೆಂದು. ಹಾಗಾಗಿ ಮನೆಯ ರೂಪವನ್ನು ಕಾಲ ಒಂದೇ ನಿರ್ಧರಿಸಲಿಲ್ಲ, ನೆಲವೂ ಕೈಯಲ್ಲಿದ್ದ ಹಣವೂ ನಿರ್ಧರಿಸಿದವು ಎಂಬುದು ಗೋದಲಿಯ ಮುಂದೆ ನಿಂತಾಗ ನನಗೆ ತಿಳಿಯಿತು.

ಬಾಗಿಲುಗಳು ತಗ್ಗು, ಹೊಸ್ತಿಲುಗಳು ಎತ್ತರ, ನೆಲ ಏರುತಗ್ಗು. ಜಾರದ ಪಾದರಕ್ಷೆಯೂ ಮಳೆಯಂಗಿಯೂ ಅಗತ್ಯ. ದುರಸ್ತಿಗಾಗಿ ಕೆಲವು ಮನೆಗಳು ಮುಚ್ಚಿರಬಹುದಾದ್ದರಿಂದ ಹಿಂದಿನ ದಿನವೇ ಜಾಲತಾಣ ನೋಡಿಕೊಳ್ಳಿ. ಮನೆಗಳಲ್ಲಿರುವ ಸಿಬ್ಬಂದಿಗೆ ‘ಬೋರೆ ದಾ’ ಎಂದು ಶುಭೋದಯ ಹೇಳಿದರೆ ಮಾತು ಸುಲಭವಾಗಿ ಬೆಳೆಯುತ್ತದೆ. ಸಸ್ಯಾಹಾರಿಗಳು ವೆಲ್ಷ್ ಕೇಕ್ ಕೊಳ್ಳುವ ಮೊದಲು ಒಂದು ಮಾತು ಕೇಳುವುದು ಮೇಲು. ಅದನ್ನು ಹಂದಿಕೊಬ್ಬು ಹಾಕಿ ಮಾಡುವ ರೂಢಿಯೂ ಇದೆ.

ಮೂಲ ಜಾಗದಲ್ಲಿಯೇ ಉಳಿದಿರುವ ಮನೆಯೊಂದನ್ನು ನೋಡಬೇಕೆನಿಸಿದರೆ, ಉತ್ತರ ವೇಲ್ಸ್‌ನ ಪೆನ್‌ಮಾಖ್ನೊ ಬಳಿಯ ಟೀ ಮೌರ್ ವಿಬರ್ನಂಟ್‌ಗೆ ಹೋಗಬಹುದು. ಇಡೀ ಬೈಬಲನ್ನು ವೆಲ್ಷ್ ಭಾಷೆಗೆ ತಂದು 1588ರಲ್ಲಿ ಪ್ರಕಟಿಸಿದ ಬಿಷಪ್ ವಿಲಿಯಂ ಮಾರ್ಗನ್ ಹುಟ್ಟಿದ ಸ್ಥಳವದು. ಈಗ ನ್ಯಾಷನಲ್ ಟ್ರಸ್ಟ್‌ನ ವಶದಲ್ಲಿದೆ. ಕಾರ್ಡಿಫ್‌ನಿಂದ ಒಂದೇ ದಿನದಲ್ಲಿ ಹೋಗಿಬರುವ ಯೋಚನೆ ಬೇಡ. ಕಣಿವೆಯ ರಸ್ತೆ ಕಿರಿದು, ಮನೆ ತೆರೆಯುವುದು ಕೆಲವು ದಿನಗಳಲ್ಲಿ ಮಾತ್ರ. ಅದನ್ನು ಖಚಿತಪಡಿಸಿಕೊಂಡ ಮೇಲೆಯೇ ಆ ಕಡೆ ತಂಗಲು ಕೋಣೆ ಕಾದಿರಿಸಿ.